ಹಕ್ಕಿ ಮಂಕಾಗಿ ಬಂದರೆ ಮೊದಲು ಕೆಸರು ನೋಡಿ

ಫೆಬ್ರವರಿಯ ಒಂದು ಭಾನುವಾರ ಕೋಲಾರದ ನರಸಾಪುರದ ಕಡೆಯ ಕೆರೆಯಂಗಳದಲ್ಲಿ ಎರಡೂವರೆ ಗಂಟೆ ಹೊಟ್ಟೆ ಮೇಲೆ ಮಲಗಿ ಆರುನೂರು ಚಿಲ್ಲರೆ ಫೋಟೊ ತೆಗೆದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಇಟ್ಟುಕೊಳ್ಳುವಂಥದ್ದು ಒಂಬತ್ತು. ಉಳಿದದ್ದೆಲ್ಲ ಏನೋ ಒಂಥರಾ ಮಂಕು. ಲೆನ್ಸ್ ಕೆಟ್ಟಿದೆ ಅಂತ ನಾನೇ ತೀರ್ಪು ಕೊಟ್ಟುಕೊಂಡು ಬೆಂಗಳೂರಿಗೆ ಹೊತ್ತೊಯ್ದೆ. ರಿಪೇರಿಯವರು ಎರಡು ವಾರ ಇಟ್ಟುಕೊಂಡು, ತಪಾಸಣೆಯ ದುಡ್ಡು ತೆಗೆದುಕೊಂಡು, ಲೆನ್ಸ್ ಸರಿಯಿದೆ ಅಂತ ವಾಪಸು ಕೊಟ್ಟರು. ಅವರು ಹೇಳಿದ್ದು ನಿಜ. ದೋಷ ನಾಲ್ಕು ಕಡೆ ಇತ್ತು, ನಾಲ್ಕೂ ನನ್ನವೇ.

ಮಂಕು ಅನ್ನುವುದು ಒಂದು ಕಾಯಿಲೆಯಲ್ಲ. ಜ್ವರ ಬಂದಿದೆ ಅಂದರೆ ಯಾವ ಜ್ವರ ಅಂತ ಕೇಳುವ ಹಾಗೆ ಇಲ್ಲೂ ಕೇಳಬೇಕು. ಕೈ ನಡುಗಿದ್ದೋ, ಹಕ್ಕಿ ಓಡಿದ್ದೋ, ಫೋಕಸ್ ತಪ್ಪಿದ್ದೋ, ಬಿಸಿಗಾಳಿ ಕುಣಿದದ್ದೋ? ಒಂದೊಂದಕ್ಕೂ ಮದ್ದು ಬೇರೆ. ಫೋಕಸ್ ತಪ್ಪಿದ್ದಕ್ಕೆ ಷಟರ್ ವೇಗ ಏರಿಸಿದರೆ ಗ್ರೇನ್ (ಚಿತ್ರದ ಮೇಲಿನ ಕಾಳುಕಾಳು) ಹೆಚ್ಚುತ್ತದೆಯೇ ಹೊರತು ಇನ್ನೇನೂ ಆಗುವುದಿಲ್ಲ. ಕೆರೆಯಂಚಿನ ಹಕ್ಕಿ ತೆಗೆಯುವವರಿಗೆ ಮಾತ್ರ ಒಂದು ಅನುಕೂಲವಿದೆ. ಮರದ ಮೇಲಿನ ಹಕ್ಕಿಗೆ ಸುತ್ತ ಎಲೆ, ಆಕಾಶ, ಎಲ್ಲ ಕಲಸುಮೇಲೋಗರ. ಕೆಸರಂಚಿನಲ್ಲಿ ಮೇಯುವ ಸ್ಯಾಂಡ್‌ಪೈಪರ್, ಪ್ಲೋವರ್, ಮೆಟ್ಟುಗಾಲು ಹಕ್ಕಿ (ಸ್ಟಿಲ್ಟ್) ಇವಕ್ಕೆಲ್ಲ ಕಾಲ ಕೆಳಗೆ ಕೆಸರಿದೆ. ಆ ಕೆಸರು ನಿಮ್ಮ ಹತ್ತಿರದಿಂದ ಹಕ್ಕಿಯ ಆಚೆಯವರೆಗೂ ಹಾಸಿಕೊಂಡಿರುವ ಅಳತೆಪಟ್ಟಿ.

ಮೊದಲ ಪರೀಕ್ಷೆ: ಹಕ್ಕಿಯನ್ನು ಬಿಟ್ಟು ಕೆಸರನ್ನು ಓದಿ

ಫೋಟೊವನ್ನು ನೂರು ಪರ್ಸೆಂಟ್ ಹಿಗ್ಗಿಸಿ. ಕ್ಯಾಮೆರಾ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದ, ಅದನ್ನು ನಂಬಬೇಡಿ. ಹಕ್ಕಿಯ ಕಣ್ಣು ನೋಡುವ ಆಸೆ ತಡೆದುಕೊಂಡು, ಅದರ ಕಾಲಿನ ಅಕ್ಕಪಕ್ಕ, ಮುಂದೆ, ಹಿಂದೆ ಕೆಸರಿನ ಹರಳು, ಹೆಜ್ಜೆಗುರುತು, ಒಣಗಿದ ಜೊಂಡಿನ ಕಡ್ಡಿ ನೋಡಿ.

ಕೆಸರಿನಲ್ಲಿ ಒಂದು ಅಡ್ಡಪಟ್ಟಿ ಚುರುಕಾಗಿದ್ದು, ಹಕ್ಕಿ ಆ ಪಟ್ಟಿಯ ಈಚೆಗೋ ಆಚೆಗೋ ನಿಂತಿದ್ದರೆ ಫೋಕಸ್ ತಪ್ಪಿದೆ. ಪಟ್ಟಿ ಸರಿಯಾಗಿ ಹಕ್ಕಿಯ ಕಾಲ ಬುಡದಲ್ಲೇ ಇದ್ದು, ಹರಳೆಲ್ಲ ಎಣಿಸುವಂತಿದ್ದು, ಹಕ್ಕಿ ಮಾತ್ರ ಕಲಸಿದ್ದರೆ ಹಕ್ಕಿ ಅಲುಗಿದೆ. ಎಲ್ಲಿಯೂ ಚುರುಕಾದ ಪಟ್ಟಿಯೇ ಇಲ್ಲದೆ, ಪ್ರತಿ ಹರಳೂ ಒಂದೇ ದಿಕ್ಕಿಗೆ ಎಳೆದ ಗೆರೆಯಂತಿದ್ದರೆ ಅಲುಗಿದ್ದು ನೀವು. ಎಳೆತವೂ ಇಲ್ಲದೆ, ನೀರೊಳಗಿಂದ ನೋಡಿದ ಹಾಗೆ ಅಂಚುಗಳು ಡೊಂಕುಡೊಂಕಾಗಿ, ಚಿತ್ರದ ಒಂದು ಮೂಲೆ ಪರವಾಗಿಲ್ಲ ಇನ್ನೊಂದು ಮೂಲೆ ಹಾಳು ಅನ್ನುವಂತಿದ್ದರೆ ಬಿಸಿಗಾಳಿ.

ಈ ನಾಲ್ಕನ್ನು ಬೇರ್ಪಡಿಸಲು ಕಲಿತರೆ ಮುಕ್ಕಾಲು ಕೆಲಸ ಮುಗಿಯಿತು. ನನ್ನ ಆರುನೂರು ಫೋಟೊಗಳನ್ನು ಹೀಗೆ ನಾಲ್ಕು ಫೋಲ್ಡರಿಗೆ ಹಂಚಿದಾಗ ಅತಿ ದೊಡ್ಡ ಫೋಲ್ಡರ್ ಯಾವುದಾಗಿತ್ತು ಗೊತ್ತೆ? ನಾನು ಯೋಚನೆಯನ್ನೇ ಮಾಡಿರದ ಬಿಸಿಗಾಳಿ.

ಬಿಸಿಗಾಳಿ

ಇದನ್ನು ಮೊದಲು ಹೇಳಲು ಕಾರಣ, ಇದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. ಬಿಸಿಲಿಗೆ ಕಾದ ಕೆಸರು ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಬಿಸಿಗಾಳಿಯ ಸಾಂದ್ರತೆ ಕಡಿಮೆ, ತಂಪು ಗಾಳಿಯದು ಹೆಚ್ಚು. ಎರಡೂ ಕಲೆಯುವ ಕಡೆ ಬೆಳಕು ಬಾಗುತ್ತದೆ. ದೋಸೆ ಕಾವಲಿಯ ಮೇಲೆ ಗೋಡೆ ನಡುಗಿದಂತೆ ಕಾಣುವುದಿಲ್ಲವೇ, ಅದೇ. 600 ಮಿಲಿಮೀಟರ್ ಲೆನ್ಸ್ ಹಕ್ಕಿಯನ್ನು ದೊಡ್ಡದು ಮಾಡಿದಷ್ಟೇ ಈ ನಡುಕವನ್ನೂ ದೊಡ್ಡದು ಮಾಡುತ್ತದೆ. ಅದರಲ್ಲೂ ನಾವು ಮಲಗಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಲೆನ್ಸ್ ಇಟ್ಟಾಗ, ನೋಟವೆಲ್ಲ ಅತಿ ಕುದಿಯುವ ಪದರದ ಮೂಲಕವೇ ಹಾಯುತ್ತದೆ. ಕೆಳಮಟ್ಟದ ಕೋನ ಚಿತ್ರಕ್ಕೆ ಚೆಂದ, ಆದರೆ ಅದರ ಬೆಲೆ ಇದು.

ಪತ್ತೆ ಸುಲಭ. ಲೈವ್ ವ್ಯೂ (ಕ್ಯಾಮೆರಾ ಪರದೆಯಲ್ಲೇ ನೇರ ನೋಟ) ಹಾಕಿ, ಹಕ್ಕಿಯ ಪಕ್ಕದ ಯಾವುದಾದರೂ ಕಲ್ಲನ್ನು ಹತ್ತುಪಟ್ಟು ಹಿಗ್ಗಿಸಿ ನೋಡಿ. ಕಲ್ಲು ಕುಣಿಯುತ್ತಿದ್ದರೆ ಮುಗಿಯಿತು. ಇನ್ನೊಂದು ಗುರುತು: ಅಲುಗದೆ ನಿದ್ದೆ ಮಾಡುತ್ತಿರುವ ಹಕ್ಕಿಯ ಇಪ್ಪತ್ತು ಫೋಟೊ ಒಂದೇ ಉಸಿರಿಗೆ ತೆಗೆಯಿರಿ. ಎರಡೋ ಮೂರೋ ಮಾತ್ರ ಚುರುಕು, ಉಳಿದವು ಒಂದೊಂದು ಥರ ಹಾಳು, ಷಟರ್ 1/3200 ಸೆಕೆಂಡ್ ಇದ್ದರೂ ಹೀಗೇ ಆದರೆ ಅದು ಗಾಳಿಯ ಕೆಲಸ.

ನಮ್ಮ ಕಡೆ ಫೆಬ್ರವರಿ ಮಾರ್ಚಿನಲ್ಲಿ ಎಂಟೂವರೆ ದಾಟಿದರೆ ಆಟ ಶುರು. ಡಿಸೆಂಬರಿನಲ್ಲಿ ಇನ್ನೂ ಒಂದು ಗಂಟೆ ಸಿಗುತ್ತದೆ, ಆದರೆ ಆಗ ನೀರಿನ ಮೇಲಿನ ಮಂಜು ಬೆಳಗಿನ ಒಂದು ಗಂಟೆ ತಿನ್ನುತ್ತದೆ, ಲೆಕ್ಕ ಅಲ್ಲಿಗಲ್ಲಿಗೆ. ಮದ್ದು ಎರಡೇ: ಬೇಗ ಹೋಗಿ, ಹತ್ತಿರ ಹೋಗಿ. ಹದಿನೈದು ಮೀಟರಿಗೆ ಗಾಳಿ ಮಾಡುವ ಹಾನಿ ಅರುವತ್ತು ಮೀಟರಿಗೆ ಮಾಡುವುದರ ಮುಂದೆ ಏನೂ ಅಲ್ಲ.

ಇದರದೇ ಒಬ್ಬ ತಮ್ಮ ಇದ್ದಾನೆ, ಅವನು ಕಾರಿನಲ್ಲಿ ಬರುತ್ತಾನೆ. ಎ.ಸಿ. ಹಾಕಿಕೊಂಡು ಬಂದು, ತಂಪಾದ ಲೆನ್ಸನ್ನು ತಟ್ಟನೆ ಹೊರಗೆ ತೆಗೆದರೆ ಹುಡ್ (ಲೆನ್ಸಿನ ಮೂತಿಯ ಕೊಳವೆ) ಒಳಗೇ ಗಾಳಿ ಕುಣಿಯುತ್ತದೆ. ಕೆಲವೊಮ್ಮೆ ಗಾಜಿನ ಮೇಲೆ ತೆಳುವಾದ ಆವಿಯೂ ಕೂರುತ್ತದೆ. ಹಾಗೆಯೇ ಏರಿಯ ಮೇಲೆ ಕಾರು ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಬಾನೆಟ್ಟಿನ ಮೇಲಿಂದ ತೆಗೆದವರನ್ನು ನೋಡಿದ್ದೇನೆ. ಇಂಜಿನ್ ಆರಿಸಿ, ಕಿಟಕಿ ಇಳಿಸಿ, ಇಪ್ಪತ್ತು ನಿಮಿಷ ಲೆನ್ಸಿಗೆ ಹೊರಗಿನ ಗಾಳಿ ಕುಡಿಸಿ.

ಕೈ ಅಲುಗಿದ್ದು

ಫೋಕಲ್ ಲೆಂತ್ (ಲೆನ್ಸಿನ ಮಿಲಿಮೀಟರ್ ಅಳತೆ) ಎಷ್ಟೋ ಷಟರ್ ಅದರ ಒಂದಂಶ ಅನ್ನುವ ಹಳೆ ಸೂತ್ರ ಎಲ್ಲರಿಗೂ ಗೊತ್ತು. 600ಕ್ಕೆ 1/600. ಆದರೆ ಕ್ರಾಪ್ ಸೆನ್ಸರ್ (ಪೂರ್ಣ ಅಳತೆಗಿಂತ ಚಿಕ್ಕ ಸೆನ್ಸರ್) ಆದರೆ 1.5ರಿಂದ ಗುಣಿಸಿ 1/900 ಅಂದುಕೊಳ್ಳಿ. ಸ್ಟೆಬಿಲೈಸರ್ ಇದ್ದರೆ ಇನ್ನೂ ಕೆಳಗಿಳಿಯಬಹುದು, ಅದು ನಿಮ್ಮ ಕೈಯ ನಡುಕಕ್ಕೆ ಮಾತ್ರ. ಹಕ್ಕಿಗೆ ಸ್ಟೆಬಿಲೈಸರ್ ಹಾಕಿದವರಿಲ್ಲ.

ಟ್ರೈಪಾಡ್ ಇದ್ದೂ ಅಲುಗಾಟ ಬಂದರೆ ಕಾಲು ನೋಡಿ. ಹಸಿ ಕೆಸರಿನಲ್ಲಿ ಟ್ರೈಪಾಡ್ ಕಾಲು ನಿಧಾನವಾಗಿ, ಕಣ್ಣಿಗೆ ಕಾಣದಂತೆ ಇಳಿಯುತ್ತಲೇ ಇರುತ್ತದೆ. ಪ್ರತಿ ಕಾಲಿನ ಕೆಳಗೆ ಒಂದು ಚಪ್ಪಟೆ ಕಲ್ಲೋ ಡಬ್ಬಿ ಮುಚ್ಚಳವೋ ಇಡಿ. ನಡುಗಂಬ ಮೇಲೆತ್ತಬೇಡಿ. ಆಮೇಲೆ ಲೈವ್ ವ್ಯೂ ಹಿಗ್ಗಿಸಿಕೊಂಡು ಹುಡ್ಡಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಚಿತ್ರ ಒಮ್ಮೆ ನಡುಗಿ ನಿಂತರೆ ಸರಿ, ತೊಟ್ಟಿಲಿನಂತೆ ತೂಗುತ್ತಲೇ ಇದ್ದರೆ ಎಲ್ಲೋ ಸಡಿಲವಿದೆ. ನನ್ನದರಲ್ಲಿ ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಕಾಲರಿನ ತಿರುಪು ಅರ್ಧ ಸುತ್ತು ಸಡಿಲವಾಗಿತ್ತು. ಎರಡು ಚಳಿಗಾಲ ಹಾಗೆಯೇ ತೆಗೆದಿದ್ದೆ.

ನನಗೀಗ ಟ್ರೈಪಾಡಿಗಿಂತ ಹಿತವಾಗಿರುವುದು ರಾಗಿ ಚೀಲ. ಹಳೆ ಜೀನ್ಸಿನ ಕಾಲು ಕತ್ತರಿಸಿ ಎರಡೂ ಬಾಯಿ ಹೊಲಿದು ಎರಡೂವರೆ ಕೆ.ಜಿ. ರಾಗಿ ತುಂಬಿದ್ದೇನೆ. ತೊಗರಿ, ಅವರೆ ಎಲ್ಲ ಪ್ರಯತ್ನಿಸಿದೆ. ಕಾಳು ದೊಡ್ಡದಾದಷ್ಟೂ ಲೆನ್ಸ್ ಒಳಗೆ ಕಚ್ಚಿ ಕೂರುವುದಿಲ್ಲ. ರಾಗಿ ಮರಳಿನಂತೆ ಹರಿದು, ಲೆನ್ಸಿನ ಹೊಟ್ಟೆಗೆ ತೊಟ್ಟಿಲಾಗುತ್ತದೆ. ಬೋರಲು ಹಾಕಿದ ಟೊಮೆಟೊ ಕ್ರೇಟಿನ ಮೇಲೆ ಈ ಚೀಲ ಇಟ್ಟರೆ ಕೂತು ತೆಗೆಯಲು ಸರಿಯಾದ ಎತ್ತರ, ಕೋಲಾರದಲ್ಲಿ ಕ್ರೇಟಿಗೇನು ಬರ. ಒಂದೇ ಎಚ್ಚರಿಕೆ, ಚೀಲ ನೆನೆದರೆ ಅದೇ ದಿನ ಬಿಚ್ಚಿ ಒಣಗಿಸಿ. ನಾನು ಒಮ್ಮೆ ಡಿಕ್ಕಿಯಲ್ಲೇ ಮರೆತೆ. ವಾರದ ನಂತರ ಹೊಲಿಗೆಯ ಸಂದಿಯಿಂದ ಬಿಳಿ ಮೊಳಕೆಗಳು ಸಾಲಾಗಿ ಇಣುಕುತ್ತಿದ್ದವು. ಹುರಿಹಿಟ್ಟಾದರೂ ಆಗುತ್ತಿತ್ತಲ್ಲ ಅಂತ ಮನೆಯಲ್ಲಿ ಬೈಸಿಕೊಂಡೆ.

ಹಕ್ಕಿ ಅಲುಗಿದ್ದು

ಇದನ್ನು ಲೆಕ್ಕದಿಂದ ಹೇಳಿದರೆ ಬೇಗ ಅರ್ಥವಾಗುತ್ತದೆ. ಕ್ರಾಪ್ ಸೆನ್ಸರ್, 600 ಮಿಲಿಮೀಟರ್, ಹದಿನೈದು ಮೀಟರ್ ದೂರ. ಆಗ ಚಿತ್ರದ ಅಗಲಕ್ಕೆ ಸಿಗುವ ನೆಲ ಸುಮಾರು 59 ಸೆಂಟಿಮೀಟರ್. ಅದನ್ನು 6000 ಪಿಕ್ಸೆಲ್ ಹಂಚಿಕೊಂಡಿವೆ. ಲಿಟಲ್ ರಿಂಗ್ಡ್ ಪ್ಲೋವರ್ ಸೆಕೆಂಡಿಗೆ ಒಂದು ಮೀಟರಿನಂತೆ ಅಡ್ಡ ಓಡಿದರೂ, 1/500ರಲ್ಲಿ ಅದು ಇಪ್ಪತ್ತು ಪಿಕ್ಸೆಲ್ ಸರಿದಿರುತ್ತದೆ, 1/1000ದಲ್ಲಿ ಹತ್ತು, 1/3200ರಲ್ಲಿ ಮೂರು. ಇಪ್ಪತ್ತು ಪಿಕ್ಸೆಲ್ ಅಂದರೆ ಕಣ್ಣಿನ ಹೊಳಪೇ ಅಳಿಸಿಹೋಯಿತು.

ಆದರೆ ಪ್ಲೋವರ್ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಕುಕ್ಕುತ್ತದೆ, ಮತ್ತೆ ಓಡುತ್ತದೆ. ನಿಂತ ಆ ಅರ್ಧ ಕ್ಷಣಕ್ಕೆ ಕಾದರೆ 1/1000 ಸಾಕು. ಕಾಮನ್ ಸ್ಯಾಂಡ್‌ಪೈಪರ್ ನಿಂತಾಗಲೂ ಹಿಂಭಾಗ ಕುಣಿಸುತ್ತಲೇ ಇರುತ್ತದೆ, ಆದ್ದರಿಂದ ತಲೆ ಚುರುಕಾಗಿ ಬಾಲ ಕಲಸಿದ್ದರೆ ಅದು ದೋಷವಲ್ಲ, ಹಕ್ಕಿಯ ಸ್ವಭಾವ. ಹಾರುವುದಕ್ಕೆ 1/2500ಕ್ಕಿಂತ ಕೆಳಗಿಳಿಯಬೇಡಿ.

ಫೋಕಸ್ ತಪ್ಪಿದ್ದು

ಅದೇ 15 ಮೀಟರ್, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) f/6.3. ಚುರುಕಾಗಿ ಬರುವ ಆಳ ಒಟ್ಟು ಹದಿನಾರು ಸೆಂಟಿಮೀಟರ್. ಹತ್ತು ಮೀಟರಿಗೆ ಬಂದರೆ ಏಳು. ವುಡ್ ಸ್ಯಾಂಡ್‌ಪೈಪರ್ ಕೊಕ್ಕಿನಿಂದ ಬಾಲಕ್ಕೆ ಇಪ್ಪತ್ತು ಸೆಂಟಿಮೀಟರ್ ಇದೆ. ನಿಮ್ಮತ್ತ ಮುಖ ಮಾಡಿ ನಿಂತರೆ ಕಣ್ಣಿಗೂ ಬೆನ್ನಿಗೂ ಒಟ್ಟಿಗೆ ಫೋಕಸ್ ಸಿಗುವುದಿಲ್ಲ, ಕಣ್ಣನ್ನು ಆರಿಸಿಕೊಳ್ಳಿ. ಪಕ್ಕಕ್ಕೆ ತಿರುಗಿದರೆ ಎಲ್ಲ ಸಿಗುತ್ತದೆ.

ಕೆಸರಿನ ಚುರುಕು ಪಟ್ಟಿ ಒಮ್ಮೆ ಹಿಂದೆ, ಒಮ್ಮೆ ಮುಂದೆ ಬೀಳುತ್ತಿದ್ದರೆ ಫೋಕಸ್ ಬಿಂದು ಹಕ್ಕಿಯ ಮೇಲೆ ನಿಲ್ಲುತ್ತಿಲ್ಲ ಅಂತ ಅರ್ಥ. ಎಲ್ಲ ಬಿಂದುಗಳನ್ನೂ ತೆರೆದಿಟ್ಟರೆ ಕ್ಯಾಮೆರಾ ನೀರಲೆಯ ಹೊಳಪಿಗೋ ಮುಂದಿನ ಜಾಲಿ ಮುಳ್ಳಿಗೋ ಅಂಟಿಕೊಳ್ಳುತ್ತದೆ. ಕಂದು ಹಕ್ಕಿ, ಕಂದು ಕೆಸರು, ಅದಕ್ಕೂ ಗೊಂದಲವೇ. ಒಂದೇ ಬಿಂದು ಅಥವಾ ಚಿಕ್ಕ ಗುಂಪು, ಹಕ್ಕಿ ಸರಿದಂತೆ ಫೋಕಸ್ ಹಿಂಬಾಲಿಸುವ ಕಂಟಿನ್ಯೂಯಸ್ ಮೋಡ್, ಫೋಕಸ್ಸಿಗೆ ಕ್ಯಾಮೆರಾ ಬೆನ್ನಿನ ಬಟನ್. ಹಕ್ಕಿಯ ಕಣ್ಣು ಹುಡುಕುವ ಹೊಸ ಕ್ಯಾಮೆರಾಗಳೂ ತಲೆ ನೀರಿಗಿಳಿದಾಗ ಕೈಬಿಡುತ್ತವೆ, ಆಗ ಚಿಕ್ಕ ಬಿಂದುವೇ ಗತಿ. ಲೆನ್ಸಿನಲ್ಲಿ ಫೋಕಸ್ ಲಿಮಿಟರ್ ಗುಂಡಿ ಇದ್ದರೆ ಅದೂ ಒಮ್ಮೆ ನೋಡಿ. ‘ಹತ್ತು ಮೀಟರಿನಿಂದ ಅನಂತ’ ಎಂದಿಟ್ಟು, ಎಂಟು ಮೀಟರಿಗೆ ಬಂದ ಹಕ್ಕಿಗೆ ಫೋಕಸ್ ಆಗುತ್ತಿಲ್ಲ ಅಂತ ಒದ್ದಾಡಿದ್ದೇನೆ.

ಪಟ್ಟಿ ಪ್ರತಿ ಸಲವೂ ಒಂದೇ ಕಡೆಗೆ, ಒಂದೇ ಅಳತೆಗೆ ತಪ್ಪುತ್ತಿದ್ದರೆ ಮಾತ್ರ ಯಂತ್ರದ ಅನುಮಾನ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆದರೆ ಟ್ರೈಪಾಡಿಗೆ ಹಾಕಿ, ಹದಿನೈದರಿಂದ ಮೂವತ್ತು ಮೀಟರ್ ದೂರದಲ್ಲಿ ದಪ್ಪಕ್ಷರದ ಕ್ಯಾಲೆಂಡರ್ ನೇತುಹಾಕಿ, ವ್ಯೂಫೈಂಡರಿನಿಂದ ಹತ್ತು, ಲೈವ್ ವ್ಯೂನಿಂದ ಹತ್ತು ಫೋಟೊ ತೆಗೆಯಿರಿ. ಲೈವ್ ವ್ಯೂ ಚುರುಕು, ವ್ಯೂಫೈಂಡರ್ ಮಂಕು ಅಂದರೆ ನಿಕಾನ್‌ನಲ್ಲಿ ಎಎಫ್ ಫೈನ್ ಟ್ಯೂನ್, ಕ್ಯಾನನ್‌ನಲ್ಲಿ ಎಎಫ್ ಮೈಕ್ರೋ ಅಡ್ಜಸ್ಟ್‌ಮೆಂಟ್ ಮೆನುವಿನಲ್ಲಿ ಸರಿಪಡಿಸಬಹುದು. ಎಲ್ಲ ಮಾದರಿಗಳಲ್ಲೂ ಈ ಮೆನು ಇರುವುದಿಲ್ಲ. ಮಿರರ್‌ಲೆಸ್‌ನವರು ಈ ಪ್ಯಾರಾ ಹಾರಿಸಬಹುದು.

ಬಿಳಿ ಸುಟ್ಟಿದೆ, ಅಥವಾ ಹಕ್ಕಿ ಕರಿಕಲಾಗಿದೆ

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ತನಗೆ ಕಂಡದ್ದನ್ನೆಲ್ಲ ನಡುಬೂದು ಮಾಡಲು ನೋಡುತ್ತದೆ. ಕಪ್ಪು ಕೆಸರಿನ ನಡುವೆ ಒಂದೇ ಮೆಟ್ಟುಗಾಲು ಹಕ್ಕಿ ನಿಂತರೆ, ಮೀಟರಿಗೆ ಕಾಣುವುದು ಬರೀ ಕೆಸರು. ಕತ್ತಲಿದೆ ಅಂದುಕೊಂಡು ಬೆಳಕು ಹೆಚ್ಚು ಕೊಡುತ್ತದೆ. ಹಕ್ಕಿಯ ಬಿಳಿ ಎದೆ ಸುಣ್ಣ ಬಳಿದಂತೆ, ಗರಿಯ ಗೆರೆಯೇ ಇಲ್ಲ. ಅದೇ ಹಕ್ಕಿ ಎರಡು ಹೆಜ್ಜೆ ನಡೆದು ಬೆಳ್ಳಗೆ ಹೊಳೆಯುವ ನೀರಿಗೆ ಬಂದರೆ ಮೀಟರ್ ಹೆದರಿ ಬೆಳಕು ಕಡಿಮೆ ಮಾಡುತ್ತದೆ, ಈಗ ರೆಕ್ಕೆಯೂ ಬೆನ್ನೂ ಒಂದೇ ಕಪ್ಪು ಮುದ್ದೆ. ಒಂದೇ ಬರ್ಸ್ಟಿನಲ್ಲಿ (ಬೆನ್ನುಬೆನ್ನಿಗೆ ತೆಗೆದ ಸಾಲಿನಲ್ಲಿ) ಒಂದು ಸುಟ್ಟದ್ದು, ಪಕ್ಕದ್ದು ಕರಿಕಲು ಬಂದಿದ್ದರೆ ರೋಗ ಇದೇ, ಬೇರೆ ಹುಡುಕಬೇಡಿ.

ಗಮನಿಸಿ, ಹಕ್ಕಿಯ ಮೇಲೆ ಬೀಳುವ ಬಿಸಿಲು ಎರಡು ಹೆಜ್ಜೆಯಲ್ಲಿ ಬದಲಾಗಲಿಲ್ಲ. ಬದಲಾದದ್ದು ಹಿನ್ನೆಲೆ. ಹಾಗಾಗಿ ಬಿಸಿಲು ಸ್ಥಿರವಿದ್ದಾಗ ಮ್ಯಾನುಯಲ್ ಮೋಡೇ ಸರಿ, ಅದೂ ಆಟೋ ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆಯನ್ನು ಕ್ಯಾಮೆರಾವೇ ಬದಲಿಸುವುದು) ತೆಗೆದುಹಾಕಿ. ಮ್ಯಾನುಯಲ್ ಎಂದಿಟ್ಟು ಆಟೋ ಐಎಸ್‌ಒ ಬಿಟ್ಟವರದ್ದು ಮ್ಯಾನುಯಲ್ಲೇ ಅಲ್ಲ, ಹಿಂಬಾಗಿಲಿನಿಂದ ಮೀಟರ್ ಮತ್ತೆ ಒಳಗೆ ಬಂದಿರುತ್ತದೆ.

ಎಲ್ಲಿಂದ ಶುರು ಮಾಡುವುದು? ಫಿಲಂ ಕಾಲದ ಬಿಸಿಲು ಹದಿನಾರರ (ಸನ್ನಿ 16) ಸೂತ್ರ ಇವತ್ತಿಗೂ ಸುಳ್ಳಾಗಿಲ್ಲ. ಪೂರ್ಣ ಬಿಸಿಲಿನಲ್ಲಿ f/16 ಇಟ್ಟರೆ ಷಟರ್ ಐಎಸ್‌ಒನ ಒಂದಂಶ. ಐಎಸ್‌ಒ 400 ಇದ್ದರೆ 1/400. ಅದನ್ನೇ f/8ಕ್ಕೆ ತಂದರೆ 1/1600, f/6.3ಕ್ಕೆ ತಂದರೆ 1/2500. ಬಿಳಿ ಹಕ್ಕಿಗೆ ಇದಕ್ಕಿಂತ ಅರ್ಧದಿಂದ ಒಂದು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಕಡಿಮೆ ಅಂದರೆ ಅರ್ಧ ಬೆಳಕು). ಬೆಳಗಿನ ಏಳೂವರೆಯ ಬಿಸಿಲು ಪೂರ್ಣ ಬಿಸಿಲಲ್ಲ, ಒಂದೂವರೆ ಸ್ಟಾಪಿನಷ್ಟು ಕಡಿಮೆ ಇರುತ್ತದೆ, ಆಗ ಐಎಸ್‌ಒ 800ಕ್ಕೆ ಏರಿಸಿ f/6.3, 1/2000 ಹತ್ತಿರದಿಂದ ಶುರು ಮಾಡುತ್ತೇನೆ. ಒಂದು ಫೋಟೊ ತೆಗೆದು ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ), ಸುಟ್ಟ ಬಿಳಿಯ ಮೇಲೆ ಮಿಣುಕುವ ಎಚ್ಚರಿಕೆ ಎರಡನ್ನೂ ನೋಡುತ್ತೇನೆ. ಬಿಳಿ ಎದೆಯಲ್ಲಿ ಒಂದೆರಡು ಚುಕ್ಕೆ ಮಿಣುಕಿದರೆ ಹೆದರಬೇಡಿ. ಪರದೆಯ ಹಿಸ್ಟೋಗ್ರಾಂ ಜೆಪೆಗ್ ನೋಡಿ ಹಾಕಿದ್ದು, ಕ್ಯಾಮೆರಾ ಸಂಸ್ಕರಿಸದ ರಾ ಫೈಲಿನಲ್ಲಿ ಇನ್ನಷ್ಟು ಉಳಿದಿರುತ್ತದೆ. ಎದೆಯೆಲ್ಲ ಮಿಣುಕಿದರೆ ಷಟರನ್ನು ಎರಡು ಕ್ಲಿಕ್ ವೇಗ ಮಾಡಿ.

ಮ್ಯಾನುಯಲ್ಲಿನ ಅಪಾಯ ಮರೆವು. ಆ ಭಾನುವಾರ ಏಳೂ ಕಾಲಿಗೆ ಸೆಟ್ ಮಾಡಿದವನು ಆಮೇಲೆ ಅದನ್ನು ಮುಟ್ಟಲೇ ಇಲ್ಲ. ಎಂಟು ಗಂಟೆಗೆ ಮೆಟ್ಟುಗಾಲು ಹಕ್ಕಿಗಳ ಒಂದು ದಂಡು, ಗುಲಾಬಿ ಕಾಲುಗಳನ್ನು ಹಿಂದಕ್ಕೆ ಚಾಚಿಕೊಂಡು ನನ್ನ ಎದುರಿಗೇ ಬಂದಿಳಿಯಿತು. ಉಸಿರು ಬಿಗಿಹಿಡಿದು ಎಂಬತ್ತು ಫೋಟೊ ತೆಗೆದೆ. ಅಷ್ಟರಲ್ಲಿ ಸೂರ್ಯ ಮೇಲೆದ್ದು ಬೆಳಕು ಒಂದೂವರೆ ಸ್ಟಾಪ್ ಏರಿತ್ತು. ಎಂಬತ್ತರಲ್ಲೂ ಹಕ್ಕಿಯ ಆಕಾರದ ಬಿಳಿ ಕಾಗದ. ಈಗ ಹತ್ತು ನಿಮಿಷಕ್ಕೊಮ್ಮೆ ಫೋನು ಗುರ್ ಎನ್ನುವಂತೆ ಇಟ್ಟುಕೊಂಡಿದ್ದೇನೆ. ಮೋಡ ಬಂದು ಹೋಗಿ ಮಾಡುವ ದಿನ ಮ್ಯಾನುಯಲ್ ಹಟ ಬೇಡ. ಅಪರ್ಚರ್ ಪ್ರಯಾರಿಟಿ (ಷಟರನ್ನು ಕ್ಯಾಮೆರಾವೇ ಆರಿಸುವ ಮೋಡ್) ಹಾಕಿ, ಕಪ್ಪು ಕೆಸರಿನ ಮೇಲಿನ ಬಿಳಿ ಹಕ್ಕಿಗೆ ಮೈನಸ್ ಒಂದು ಸ್ಟಾಪ್, ಹೊಳೆವ ನೀರಿನ ಮುಂದಿನ ಕಂದು ಹಕ್ಕಿಗೆ ಪ್ಲಸ್ ಒಂದು, ಅಲ್ಲಿಂದ ಆಚೀಚೆ.

ಎಲ್ಲ ಸರಿಯಿದೆ, ಆದರೂ ಗರಿ ಬರುತ್ತಿಲ್ಲ

ಹಾಗಾದರೆ ದೂರ. ಹದಿನೈದು ಮೀಟರಿನಲ್ಲಿ ಇಪ್ಪತ್ತು ಸೆಂಟಿಮೀಟರಿನ ಹಕ್ಕಿಗೆ ಎರಡು ಸಾವಿರ ಪಿಕ್ಸೆಲ್ ಸಿಗುತ್ತದೆ. ನಲವತ್ತು ಮೀಟರಿಗೆ ಏಳುನೂರ ಅರುವತ್ತು, ನೂರು ಮೀಟರಿಗೆ ಮುನ್ನೂರು. ಮುನ್ನೂರು ಪಿಕ್ಸೆಲಿನಲ್ಲಿ ಗರಿಯ ಅಂಚಿನ ಚುಕ್ಕೆ ಹುಡುಕುವುದು ತಪ್ಪು. ಲೆನ್ಸಿನ ಹಿಂದೆ ಸೇರಿಸಿ ಚಿತ್ರ ಹಿಗ್ಗಿಸುವ 1.4ರ ಟೆಲಿಕನ್ವರ್ಟರ್ ಒಂದು ಸ್ಟಾಪ್ ತಿಂದು f/6.3ನ್ನು f/9 ಮಾಡುತ್ತದೆ, ಬಹುತೇಕ ಡಿಎಸ್‌ಎಲ್‌ಆರ್‌ಗಳ ಆಟೋಫೋಕಸ್ ಅಲ್ಲಿ ಕೈ ಎತ್ತುತ್ತದೆ.

ಹತ್ತಿರ ಹೋಗಲು ಜಾಗದ ಆಯ್ಕೆ ಮುಖ್ಯ. 2018ರಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಸಾಲು ಸಾಲು ಕೆರೆಗಳಿಗೆ ಹರಿದ ಮೇಲೆ, ವರ್ಷವಿಡೀ ತುಂಬಿರುವ ಕೆರೆಗಳು ಹೆಚ್ಚಾದವು. ರೈತರಿಗೆ, ಬಾತುಗಳಿಗೆ ಸಂತೋಷ. ಆದರೆ ತುಂಬಿದ ಕೆರೆಗೆ ಕೆಸರಂಚಿಲ್ಲ, ಕೆಸರಂಚಿಲ್ಲದ ಕಡೆ ಸ್ಯಾಂಡ್‌ಪೈಪರಿಗೆ ಕೆಲಸವಿಲ್ಲ. ಅಂಥ ಕೆರೆಯಲ್ಲಿ ಏರಿಯ ಮೇಲೆ ನಿಂತು ಕಾಯಬೇಡಿ. ಎದುರು ದಿಕ್ಕಿಗೆ, ನೀರು ತೆಳ್ಳಗೆ ಹರಡಿ ಹೊಲಕ್ಕೆ ತಾಗುವ ಮೇಲಂಚಿಗೆ ಹೋಗಿ. ಬೆಳಗಿನಲ್ಲಿ ಸೂರ್ಯ ನಿಮ್ಮ ಬೆನ್ನಿಗಿರಲಿ. ಒಂದು ಟಾರ್ಪಾಲಿನ್ ಹಾಸಿ ಕೂತುಬಿಡಿ, ಹಕ್ಕಿಯ ಹಿಂದೆ ಹೋಗಬೇಡಿ. ಅರ್ಧ ಗಂಟೆ ಅಲುಗದೆ ಕೂತರೆ ಅವೇ ಮೇಯುತ್ತ ಬರುತ್ತವೆ. ಕುರಿ ಕಾಯುವ ಹುಡುಗರು ಬಂದು ‘ಏನ್ ಸಾರ್, ಸರ್ವೇನಾ?’ ಅಂತ ಕೇಳುವುದು ಖಂಡಿತ. ಟ್ರೈಪಾಡ್ ಕಂಡರೆ ಜಮೀನು ಹೋಯಿತು ಅನ್ನುವ ದಿಗಿಲು ಈ ಕಡೆ ಇದೆ. ಕ್ಯಾಮೆರಾದಲ್ಲಿ ಹಕ್ಕಿ ತೋರಿಸಿದರೆ ಅವರೇ ಎಲ್ಲಿ ಕೂರುತ್ತವೆ ಅಂತ ಹೇಳಿಕೊಡುತ್ತಾರೆ.

ಮಾರ್ಚ್ ಮುಗಿದ ಮೇಲೆ ಒಣ ಅಂಗಳದಲ್ಲಿ ಟಿಟ್ಟಿಭ ತಲೆ ಮೇಲೆ ಸುತ್ತಿ ಕಿರುಚುತ್ತಿದ್ದರೆ ಎಕ್ಸ್‌ಪೋಷರ್ ಯೋಚನೆ ಬಿಟ್ಟು ಕಾಲ ಕೆಳಗೆ ನೋಡಿಕೊಂಡು ಬಂದ ದಾರಿಯಲ್ಲೇ ವಾಪಸು ಹೋಗಿ. ಮೊಟ್ಟೆ ಮಣ್ಣಿನ ಬಣ್ಣದಲ್ಲೇ ಇರುತ್ತದೆ.

ಕೊನೆಗೆ ಲೆನ್ಸ್

ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ಗಾಜು. ಹೆಂಚಿನ ಸಾಲೋ ಇಟ್ಟಿಗೆ ಗೋಡೆಯೋ ಎದುರಿಗೆ ನೇರವಾಗಿ ಇಟ್ಟು, ಮುಂಜಾನೆಯ ತಂಪಿನಲ್ಲಿ, ಟ್ರೈಪಾಡಿನಲ್ಲಿ, ಟೈಮರ್ ಹಾಕಿ ತೆಗೆಯಿರಿ. ಎಡ ಚುರುಕು, ಬಲ ಮಂಕು ಅಂತ ಪ್ರತಿ ಸಲ ಬಂದರೆ, ಕ್ಯಾಮೆರಾ ತಲೆಕೆಳಗು ಮಾಡಿ ತೆಗೆದಾಗ ಮಂಕು ಗೋಡೆಯ ಎಡಕ್ಕೆ ಹೋದರೆ, ಒಳಗಿನ ಗಾಜು ಜಾಗ ಬಿಟ್ಟಿದೆ. ಅದು ಮನೆಯಲ್ಲಿ ಸರಿಮಾಡುವ ಕೆಲಸವಲ್ಲ.

ಆದರೆ ಅದಕ್ಕೂ ಮೊದಲು ಲೆನ್ಸಿನ ಮೂತಿಯ ಫಿಲ್ಟರ್ ಬಿಚ್ಚಿ ಒಂದು, ಹಾಕಿ ಒಂದು ಫೋಟೊ ತೆಗೆದು ಹೋಲಿಸಿ. ಲೆನ್ಸ್ ಕೊಂಡ ದಿನ ಗಾಜಿಗೆ ರಕ್ಷಣೆ ಅಂತ ಅಂಗಡಿಯವನು ಪುಕ್ಕಟೆ ಹಾಕಿಕೊಟ್ಟಿದ್ದ ಯುವಿ ಫಿಲ್ಟರನ್ನು ನಾನು ನಾಲ್ಕು ವರ್ಷ ಬಿಚ್ಚಿರಲಿಲ್ಲ. ಅಗ್ಗದ ಗಾಜಿನ ಎರಡು ಮುಖಗಳು ಒಂದಕ್ಕೊಂದು ಸರಿಯಾಗಿ ಸಮಾನಾಂತರವಾಗಿರುವುದಿಲ್ಲ. ಚಿಕ್ಕ ಲೆನ್ಸಿನಲ್ಲಿ ಗೊತ್ತಾಗದ ಆ ಕೊರೆ 600ರಲ್ಲಿ ಗರಿಗರಿಗೂ ನೆರಳು ಕಟ್ಟುತ್ತದೆ. ರಿಪೇರಿಯವರು ಪರೀಕ್ಷಿಸುವಾಗ ಅದನ್ನು ಬಿಚ್ಚಿಟ್ಟು, ವಾಪಸು ಕೊಡುವಾಗ ಜೋಪಾನವಾಗಿ ಮತ್ತೆ ಹಾಕಿಕೊಟ್ಟಿದ್ದರು.